ನುಡಿಯ ಕಣಜ ತುಂಬಿದ ಜಾನ್ ಪೀಬಾಡಿ ಹ್ಯಾರಿಂಗ್ಟನ್

ಒಂದು ಭಾಷೆಯ ಸಿರಿವಂತಿಕೆಯನ್ನು ಅಳೆಯಬೇಕಾದಾಗ ನಾವು ಸಾಮಾನ್ಯವಾಗಿ ಅದರ ಕಾವ್ಯದತ್ತ, ಶಾಸ್ತ್ರಗ್ರಂಥಗಳತ್ತ, ನಿಘಂಟಿನ ಗಾತ್ರದತ್ತ ನೋಡುತ್ತೇವೆ. ಅಡುಗೆಮನೆಯಲ್ಲಿ, ಹೊಲದಲ್ಲಿ, ಜಗಲಿಯ ಮೇಲೆ ದಿನಕ್ಕೆ ನೂರು ಸಲ ಬಳಕೆಯಾಗುವ ಪುಟ್ಟ ಕ್ರಿಯಾಪದಗಳತ್ತ ನಮ್ಮ ಗಮನ ಹರಿಯುವುದು ಅಪರೂಪ. ಪುಸ್ತಕವನ್ನು ಮೇಜಿನ ಮೇಲೆ ಇಡುತ್ತೇವೆ. ಸಾರಿಗೆ ಉಪ್ಪು ಹಾಕುತ್ತೇವೆ. ಹಂಡೆಗೆ ನೀರು ಹೊಯ್ಯುತ್ತೇವೆ. ಏಣಿಯನ್ನು ಗೋಡೆಗೆ ಒರಗಿಸುತ್ತೇವೆ. ಮಗುವನ್ನು ತೊಟ್ಟಿಲಲ್ಲಿ ಮಲಗಿಸುತ್ತೇವೆ. ಇವೆಲ್ಲವೂ ಒಂದನ್ನು ಒಂದು ಸ್ಥಳಕ್ಕೆ ಸೇರಿಸುವ ಕೆಲಸಗಳೇ. ಆದರೂ ಸಾರಿಗೆ ಉಪ್ಪನ್ನು ಇಟ್ಟೆನೆಂದು ಕನ್ನಡದ ಐದು ವರ್ಷದ ಮಗುವೂ ಹೇಳದು. ಈ ಮಾತುಗಳ ನಡುವಣ ಗೆರೆಗಳನ್ನು ಯಾವ ವ್ಯಾಕರಣವೂ ಅದಕ್ಕೆ ಕಲಿಸಿಲ್ಲ. ತಾಯಿಯ ಕೈಗೆಲಸವನ್ನು ನೋಡುತ್ತ, ಆಕೆಯ ಮಾತನ್ನು ಕೇಳುತ್ತ ಅದು ಕಲಿತದ್ದು. ಆದುದರಿಂದಲೇ ಒಂದು ಭಾಷೆ ಅಳಿಯತೊಡಗಿದಾಗ ಯಾರ ಕಣ್ಣಿಗೂ ಬೀಳದೆ ಮಾಯವಾಗುವುದು ಇಂಥ ಮಾತುಗಳೇ ಎಂದು ನಾನು ತಿಳಿದಿದ್ದೇನೆ. ದೇವರ ಹೆಸರು, ಬೆಟ್ಟದ ಹೆಸರು, ಮೀನಿನ ಹೆಸರು ಹೇಗೋ ಉಳಿದುಕೊಳ್ಳುತ್ತವೆ. ಬುಟ್ಟಿಯನ್ನು ಕೆಳಗಿಡುವುದಕ್ಕೊಂದು, ಕೋಲನ್ನು ಕೆಳಗಿಡುವುದಕ್ಕೊಂದು ಮಾತು ಇತ್ತೆಂಬುದನ್ನು ಬರೆದಿಡಬೇಕೆಂದು ಯಾರಿಗೂ ತೋಚುವುದಿಲ್ಲ.

ಹಾಗೆ ತೋಚಿದವನೊಬ್ಬನಿದ್ದ. ಅಮೆರಿಕದ ಜಾನ್ ಪೀಬಾಡಿ ಹ್ಯಾರಿಂಗ್ಟನ್ ತನ್ನ ಬಾಳಿನ ಸುಮಾರು ಐವತ್ತು ವರ್ಷಗಳನ್ನು ಅಳಿಯುತ್ತಿದ್ದ ಭಾಷೆಗಳ ಕೊನೆಯ ಮಾತುಗಾರರ ಬಳಿ ಕುಳಿತು ಬರೆದುಕೊಳ್ಳುವುದರಲ್ಲೇ ಕಳೆದ. ಆತ ಬಿಟ್ಟುಹೋದ ಟಿಪ್ಪಣಿಗಳು ಸುಮಾರು 10 ಲಕ್ಷ ಪುಟಗಳೆಂದು ಅಂದಾಜು. ತೊಂಬತ್ತಕ್ಕೂ ಹೆಚ್ಚು ಭಾಷೆಗಳ ಸಾಮಗ್ರಿ ಅವುಗಳಲ್ಲಿದೆ. ಆತ ಬದುಕಿದ್ದಾಗ ಅಚ್ಚಾದದ್ದು ಅದರಲ್ಲಿ ಅತ್ಯಲ್ಪ. ಭಾಷಾಶಾಸ್ತ್ರಜ್ಞರ ವಲಯದಲ್ಲಿ ಅವನ ಹೆಸರು ಇಂದು ಒಂದು ದಂತಕಥೆಯಂತೆ ಉಳಿದಿದೆ. ಕೆಲವರಿಗೆ ಆತ ಋಷಿ, ಕೆಲವರಿಗೆ ಹುಚ್ಚ. ಇವೆರಡೂ ಸುಲಭವಾದ ತೀರ್ಪುಗಳು. ಆ ಬಾಳಿನ ಜಮಾಖರ್ಚನ್ನು ಸಮಾಧಾನದಿಂದ ನೋಡಬೇಕೆಂಬುದು ನನ್ನ ಆಸೆ.

ಹ್ಯಾರಿಂಗ್ಟನ್ ಹುಟ್ಟಿದ್ದು 1884ರ ಏಪ್ರಿಲ್ 29ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಲ್ತಮ್ ಎಂಬ ಊರಿನಲ್ಲಿ. ಆತ ಚಿಕ್ಕವನಾಗಿದ್ದಾಗಲೇ ಮನೆಯವರು ಖಂಡದ ಇನ್ನೊಂದು ತುದಿಗೆ, ಶಾಂತಸಾಗರದ ದಡದ ಸಾಂತಾ ಬಾರ್ಬರಾಕ್ಕೆ ಬಂದು ನೆಲೆಸಿದರು. ಈ ವಲಸೆಯೇ ಅವನ ವಿಧಿಯನ್ನು ಬರೆಯಿತೆನ್ನಬಹುದು. ಏಕೆಂದರೆ ಆಗಿನ ಕ್ಯಾಲಿಫೋರ್ನಿಯದಂಥ ಭಾಷಾವೈವಿಧ್ಯ ಜಗತ್ತಿನಲ್ಲಿಯೇ ವಿರಳ. ಯುರೋಪಿಯನ್ನರು ಬಂದಾಗ ಅಲ್ಲಿನ ಮೂಲನಿವಾಸಿಗಳಲ್ಲಿ ಎಂಬತ್ತು ತೊಂಬತ್ತು ಬೇರೆ ಬೇರೆ ಭಾಷೆಗಳಿದ್ದುವು. ಸ್ಪ್ಯಾನಿಷ್ ಪಾದ್ರಿಗಳ ಮಠಗಳು, ಅನಂತರ ಹೊರಗಿನಿಂದ ಬಂದ ರೋಗಗಳು, 1849ರಿಂದ ನುಗ್ಗಿದ ಚಿನ್ನದ ಬೇಟೆಗಾರರು, ಇವುಗಳ ಹೊಡೆತಕ್ಕೆ ಸಿಕ್ಕಿ ಆ ಜನ ನಾಶದ ಅಂಚಿಗೆ ಬಂದಿದ್ದರು. ಹ್ಯಾರಿಂಗ್ಟನ್ ಯುವಕನಾಗುವ ಹೊತ್ತಿಗೆ ಎಷ್ಟೋ ಭಾಷೆಗಳು ಬೆರಳೆಣಿಕೆಯ ಮುದುಕ ಮುದುಕಿಯರ ನಾಲಗೆಯ ಮೇಲೆ ಮಾತ್ರ ಉಳಿದಿದ್ದುವು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷೆಗಳನ್ನೂ ಜರ್ಮನ್ನನ್ನೂ ಓದಿ ಆತ 1905ರಲ್ಲಿ ಪದವೀಧರನಾದ. ನಡುವೆ 1903ರಲ್ಲಿ ಬರ್ಕ್ಲಿಯ ಬೇಸಗೆ ತರಗತಿಯಲ್ಲಿ ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರನ ಪಾಠ ಕೇಳಿದ್ದ. ಮೂಲನಿವಾಸಿಗಳ ಭಾಷೆಗಳ ಗೀಳು ಹತ್ತಿದ್ದು ಅಲ್ಲಿಯೇ. ಮುಂದೆ ಜರ್ಮನಿಯ ಲೈಪ್‌ಜಿಗ್, ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷ ಧ್ವನಿಶಾಸ್ತ್ರ, ಭಾಷಾಶಾಸ್ತ್ರಗಳನ್ನು ಅಭ್ಯಾಸ ಮಾಡಿದ. ಡಾಕ್ಟರೇಟ್ ಮುಗಿಸುವ ತಾಳ್ಮೆ ಅವನಿಗಿರಲಿಲ್ಲ. ಕ್ಯಾಲಿಫೋರ್ನಿಯಕ್ಕೆ ಮರಳಿ ಸಾಂತಾ ಆನಾ ಪ್ರೌಢಶಾಲೆಯಲ್ಲಿ ಮೂರು ವರ್ಷ ಭಾಷೆಗಳ ಉಪಾಧ್ಯಾಯನಾದ. ರಜೆ ಬಂದರೆ ಸಾಕು, ಚುಮಾಷ್ ಮತ್ತು ಮೊಹಾವೆ ಜನರ ಬಿಡಾರಗಳಿಗೆ ಓಡುತ್ತಿದ್ದ. 1915ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ಅಮೆರಿಕನ್ ಜನಾಂಗಶಾಸ್ತ್ರ ಕಚೇರಿಯಲ್ಲಿ ಅವನಿಗೆ ಖಾಯಂ ಹುದ್ದೆ ದೊರೆಯಿತು. 1954ರಲ್ಲಿ ನಿವೃತ್ತನಾಗುವವರೆಗೂ ಆತ ಆ ಕಚೇರಿಯ ಕ್ಷೇತ್ರ ಸಂಶೋಧಕನಾಗಿಯೇ ಇದ್ದ.

ಅವನ ಕಿವಿ ಅಸಾಧಾರಣವಾದುದು. ಇತರರು ಒಂದೇ ಎಂದು ಬರೆದುಕೊಂಡ ಧ್ವನಿಗಳಲ್ಲಿ ಆತ ಮೂರು ಬಗೆಗಳನ್ನು ಗುರುತಿಸುತ್ತಿದ್ದ. ಅವನ ಕೆಲಸದ ಕ್ರಮವೂ ಅಸಾಧಾರಣವಾದುದೇ. ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಕೇಳುವುದು, ಬರೆಯುವುದು. ಕೇಳಿದ್ದನ್ನೇ ಇನ್ನೊಬ್ಬರ ಬಳಿ ಮತ್ತೆ ಕೇಳುವುದು. ಹತ್ತು ವರ್ಷ ಬಿಟ್ಟು ಬಂದು ಅದನ್ನೇ ಮತ್ತೊಮ್ಮೆ ಪರೀಕ್ಷಿಸುವುದು. ಒಂದು ಗಿಡದ ಹೆಸರು ಬೇಕಾದರೆ ಆ ಗಿಡವನ್ನೇ ಕಿತ್ತು ತರಬೇಕು. ಸ್ಥಳದ ಹೆಸರು ಬೇಕಾದರೆ ಮುದುಕರನ್ನು ಅಲ್ಲಿಗೇ ಕರೆದೊಯ್ಯಬೇಕು. ಮೇಣದ ಉರುಳೆಗಳ ಮೇಲೆ, ಅನಂತರ ಅಲ್ಯೂಮಿನಿಯಮ್ ತಟ್ಟೆಗಳ ಮೇಲೆ ಧ್ವನಿಮುದ್ರಣ ಮಾಡಿದ. ಊಟ, ಬಟ್ಟೆ, ವಸತಿಗಳ ಪರಿವೆ ಅವನಿಗಿರಲಿಲ್ಲ. ಕಾಲ ಮೀರುತ್ತಿದೆ, ನಾಳೆ ಈ ಮುದುಕಿ ಇರುವುದಿಲ್ಲ ಎಂಬ ಒಂದೇ ಭಯ ಅವನನ್ನು ಅಟ್ಟುತ್ತಿತ್ತು.

ಆ ಭಯಕ್ಕೆ ಬಲಿಯಾದದ್ದು ಮೊದಲು ಅವನ ಸಂಸಾರ. 1915ರ ಬೇಸಗೆಯಲ್ಲಿ ಸ್ಯಾನ್ ಡಿಯೇಗೋ ನಗರದ ತರಗತಿಯೊಂದರಲ್ಲಿ ಕ್ಯಾರೋಬೆತ್ ಟಕರ್ ಎಂಬ ಯುವತಿ ಅವನ ವಿದ್ಯಾರ್ಥಿನಿಯಾದಳು. ಮರುವರ್ಷ ಅವರ ಮದುವೆಯಾಯಿತು. ಆಕೆಯ ಬುದ್ಧಿ ಚುರುಕು, ಕಿವಿ ಸೂಕ್ಷ್ಮ. ಹ್ಯಾರಿಂಗ್ಟನ್ ಹೆಂಡತಿಯನ್ನು ಸಹಾಯಕಳನ್ನಾಗಿ ಪಳಗಿಸಿದ. ದುರ್ಗಮವಾದ ದಾರಿಗಳಲ್ಲಿ ಸುತ್ತಾಡಿಸಿದ. ಮಗಳು ಹುಟ್ಟಿದರೂ ಅವನ ದಿನಚರಿ ಬದಲಾಗಲಿಲ್ಲ. ಮುಂದೆ ಚೆಮೆವೇವಿ ಭಾಷೆಯನ್ನು ಬರೆದುಕೊಳ್ಳಲು ಆಕೆಯೊಬ್ಬಳನ್ನೇ ಆರಿಜೋನದ ಮರುಭೂಮಿಗೆ ಕಳುಹಿಸಿದ. ಅಲ್ಲಿ ಆ ಭಾಷೆಯನ್ನು ಹೇಳಿಕೊಡಲು ಬಂದ ಜಾರ್ಜ್ ಲೇರ್ಡ್ ಎಂಬ ಚೆಮೆವೇವಿ ಗೃಹಸ್ಥನಲ್ಲಿ ಆಕೆಗೆ ತನ್ನನ್ನು ಮನುಷ್ಯಳೆಂದು ಕಾಣುವ ಸಂಗಾತಿ ದೊರೆತ. ಹ್ಯಾರಿಂಗ್ಟನ್ನನಿಂದ ವಿಚ್ಛೇದನ ಪಡೆದು ಆಕೆ ಲೇರ್ಡನ ಕೈಹಿಡಿದಳು. ಐದು ದಶಕಗಳ ಮೇಲೆ, 1975ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದ ಕ್ಯಾರೋಬೆತ್ ಲೇರ್ಡ್ ತನ್ನ ಮೊದಲ ದಾಂಪತ್ಯದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದಳು. ಹ್ಯಾರಿಂಗ್ಟನ್ನನನ್ನು ಸಾಮಾನ್ಯ ವಾಚಕರು ಮೊದಲು ಅರಿತದ್ದು ಆ ಪುಸ್ತಕದಿಂದ. ಅದರಲ್ಲಿ ಕಹಿಯಿದೆ, ಅವನ ಪ್ರತಿಭೆಗೆ ಸಲ್ಲಬೇಕಾದ ಗೌರವವೂ ಇದೆ.

ಇಂಥ ಮನುಷ್ಯ 1920ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯದ ವಾಯವ್ಯ ಮೂಲೆಗೆ, ಕ್ಲಾಮತ್ ನದಿಯ ಕಣಿವೆಗೆ ಬಂದ. ದಟ್ಟವಾದ ಕಾಡು, ಕಡಿದಾದ ಬೆಟ್ಟ, ಅವುಗಳ ನಡುವೆ ತಿರುವುತಿರುವಾಗಿ ಹರಿಯುವ ಹೊಳೆ. ಹೊಳೆಯ ತುಂಬ ಸಾಲ್ಮನ್ ಮೀನು. ಈ ಕಣಿವೆಯಲ್ಲಿ ಮೂರು ಜನಾಂಗಗಳು ನೆರೆಹೊರೆಯಾಗಿ ಬಾಳುತ್ತ ಬಂದಿವೆ: ಕರುಕ್, ಯುರೋಕ್, ಹೂಪಾ. ಮೂವರ ಬುಟ್ಟಿಗಳು ಒಂದೇ ಬಗೆಯವು, ಕುಣಿತಗಳು ಒಂದೇ ಬಗೆಯವು, ಮನೆ ಕಟ್ಟುವ ರೀತಿಯೂ ಒಂದೇ. ಭಾಷೆಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬೇರೆ ಬೇರೆ ಕುಲಗಳಿಗೆ ಸೇರಿದವು. ಕರುಕ್ ಭಾಷೆಗಂತೂ ನಿಸ್ಸಂದೇಹವಾದ ಬಂಧುಗಳೇ ಇಲ್ಲ. ಅದು ಒಂಟಿ ಭಾಷೆ.

ಈ ಜನರಿಗೆ ದಿಕ್ಕನ್ನು ಕೊಡುವುದು ಸೂರ್ಯನಲ್ಲ, ನದಿ. ಕರುಕ್ ಎಂಬ ಮಾತಿಗೆ ಹೊಳೆಯ ಮೇಲ್ದಿಕ್ಕು ಎಂದೇ ಅರ್ಥ. ಜನಾಂಗದ ಹೆಸರು ಬಂದದ್ದು ಅದರಿಂದ. ಯುರುಕ್ ಎಂದರೆ ಹೊಳೆಯ ಕೆಳದಿಕ್ಕು. ಅಲ್ಲಿ ವಾಸಿಸುವ ನೆರೆಯವರಿಗೆ ಯುರೋಕ್ ಎಂಬ ಹೆಸರು ಅಂಟಿತು. ಮರುಕ್ ಎಂದರೆ ನೀರಿನಿಂದ ಮೇಲಕ್ಕೆ, ಬೆಟ್ಟದ ಕಡೆಗೆ. ಸರುಕ್ ಎಂದರೆ ಬೆಟ್ಟದಿಂದ ಇಳಿದು ನೀರಿನ ಕಡೆಗೆ. ಹೊಳೆ ತಿರುಗಿದಂತೆಲ್ಲ ಈ ದಿಕ್ಕುಗಳೂ ತಿರುಗುತ್ತವೆ. ಒಂದೂರಿನಲ್ಲಿ ಉತ್ತರಕ್ಕಿದ್ದ ಮೇಲ್ದಿಕ್ಕು ಮುಂದಿನ ತಿರುವಿನಲ್ಲಿ ಪೂರ್ವಕ್ಕೆ ಬಂದಿರುತ್ತದೆ. ನಕ್ಷೆಯನ್ನು ನೆಚ್ಚಿದವನು ಇದರಿಂದ ಕಂಗೆಡಬಹುದು. ಹೊಳೆಯ ಸದ್ದನ್ನು ಕೇಳುತ್ತ ಬೆಳೆದವನಿಗೆ ಇದಕ್ಕಿಂತ ನಿಶ್ಚಿತವಾದ ದಿಕ್ಸೂಚಿ ಇನ್ನೊಂದಿಲ್ಲ.

ಈ ದಿಗ್ಜ್ಞಾನ ಕೆಲವು ಅವ್ಯಯಗಳಲ್ಲಿ ನಿಂತುಹೋಗದೆ ಕ್ರಿಯಾಪದದ ಒಡಲನ್ನೇ ಹೊಕ್ಕಿದೆ. ಕರುಕ್ ಭಾಷೆಯಲ್ಲಿ ಕ್ರಿಯಾಪದದ ಬೆನ್ನಿಗೆ ಹತ್ತುವ ದಿಕ್ಸೂಚಕ ಪ್ರತ್ಯಯಗಳು ಮೂವತ್ತಕ್ಕೂ ಹೆಚ್ಚು. ಮೇಲಕ್ಕೆ, ಕೆಳಕ್ಕೆ, ಆಚೆ ದಡಕ್ಕೆ, ಆಚೆ ದಡದಿಂದ ಈಚೆಗೆ, ಹೊಳೆಯ ಮೇಲ್ದಿಕ್ಕಿಗೆ, ಒಳಕ್ಕೆ, ಹೊರಕ್ಕೆ ಎಂಬಿವಷ್ಟೇ ಆಗಿದ್ದರೆ ಆಶ್ಚರ್ಯವಿಲ್ಲ. ನೀರಿನೊಳಕ್ಕೆ ಎಂಬುದಕ್ಕೆ ಒಂದು ಪ್ರತ್ಯಯ, ಬೆಂಕಿಯೊಳಕ್ಕೆ ಎಂಬುದಕ್ಕೆ ಬೇರೊಂದು. ಹೋಗು, ಎಸೆ, ಹೊರು, ನೋಡು ಮುಂತಾದ ಎಷ್ಟೋ ಧಾತುಗಳಿಗೆ ಇವು ಹತ್ತುತ್ತವೆ. ಇನ್ನು, ವಸ್ತುವನ್ನು ಇಡುವ, ಹೊರುವ, ಎಸೆಯುವ ಮಾತುಗಳಲ್ಲಿ ಧಾತುವೇ ವಸ್ತುವಿನ ಸ್ವರೂಪವನ್ನು ಹೇಳಿಬಿಡುತ್ತದೆ. ಉದ್ದನೆಯದಕ್ಕೆ ಒಂದು ಧಾತು, ದಪ್ಪನಾಗಿ ಗಡುತರವಾಗಿರುವುದಕ್ಕೆ ಇನ್ನೊಂದು. ಒಂದೇ ವಸ್ತುವಾದರೆ ಒಂದು, ಹಲವಾದರೆ ಬೇರೊಂದು. ಹೀಗೆ ಧಾತುವು ಏನನ್ನು ಎಂಬುದನ್ನು ಹೇಳಿದರೆ ಪ್ರತ್ಯಯವು ಎಲ್ಲಿಗೆ ಎಂಬುದನ್ನು ಹೇಳುತ್ತದೆ. ಕೋಲೊಂದನ್ನು ಬೆಂಕಿಗೆ ಒಡ್ಡಿದುದನ್ನು ತಿಳಿಸಲು ಕೋಲೆಂಬ ಪದವಾಗಲಿ ಬೆಂಕಿಯೆಂಬ ಪದವಾಗಲಿ ಬಾರದಿದ್ದರೂ ಕ್ರಿಯಾಪದವೊಂದೇ ಆ ದೃಶ್ಯದ ಬಹುಭಾಗವನ್ನು ಕಣ್ಣಮುಂದೆ ತರಬಲ್ಲದು.

ನಮ್ಮ ಭಾಷೆಯಲ್ಲಿ ಇಡು ಎಂಬುದು ಸಾಮಾನ್ಯ ಮಾತು. ಕಲ್ಲನ್ನೂ ಇಡಬಹುದು, ಹೆಸರನ್ನೂ ಇಡಬಹುದು, ನಂಬಿಕೆಯನ್ನೂ ಇಡಬಹುದು. ಅದರ ಬಲವಿರುವುದು ಆ ವ್ಯಾಪ್ತಿಯಲ್ಲಿ. ಕರುಕ್ ಮಾತುಗಾರನಿಗೆ ಇಂಥ ಸೌಕರ್ಯ ಕಡಮೆ. ಇಟ್ಟೆನೆಂದು ಹೇಳುವ ಮೊದಲೇ ಇಟ್ಟದ್ದು ಎಂಥದು, ಎಷ್ಟು, ಎತ್ತ ಎಂಬುದನ್ನು ಆತ ಕಂಡಿರಬೇಕು. ಕಣ್ಣು ಮಾಡುವ ಕೆಲಸವನ್ನು ನಾಲಗೆಯೂ ಮಾಡುವ ವ್ಯವಸ್ಥೆಯಿದು. ಒಂದು ಪದ್ಧತಿ ಮೇಲು, ಇನ್ನೊಂದು ಕೀಳು ಎಂದು ನಾನು ಹೇಳಲಾರೆ. ಲೋಕವನ್ನು ಹಂಚಿಕೊಳ್ಳುವ ಬಗೆಗಳು ಹಲವು. ಅವುಗಳಲ್ಲಿ ಒಂದು ಅಳಿದರೆ ಉಳಿದವು ಆ ತೆರವನ್ನು ತುಂಬಲಾರವು ಎಂದಷ್ಟೇ ಹೇಳಬಲ್ಲೆ.

ಹ್ಯಾರಿಂಗ್ಟನ್ ಈ ಭಾಷೆಯ ವ್ಯಾಕರಣವನ್ನು ಬರೆಯಲಿಲ್ಲ. ಬರೆದದ್ದು ಹೊಗೆಸೊಪ್ಪಿನ ಮೇಲೆ ಒಂದು ಪುಸ್ತಕ! 1932ರಲ್ಲಿ ಅವನ ಕಚೇರಿಯ 94ನೆಯ ಪ್ರಕಟಣೆಯಾಗಿ ಹೊರಬಂದ ಆ ಗ್ರಂಥ ಕರುಕ್ ಜನರಲ್ಲಿ ಹೊಗೆಸೊಪ್ಪಿನ ಬೆಳೆ, ಬಳಕೆ, ನಂಬಿಕೆಗಳನ್ನು ಕುರಿತದ್ದು. ವಿಷಯ ಅಲ್ಪವೆಂದು ತೋರಬಹುದು. ಆದರೆ ಕರುಕ್ ಜನ ಬಿತ್ತಿ ಬೆಳೆಯುತ್ತಿದ್ದ ಗಿಡ ಅದೊಂದೇ. ಬೆಟ್ಟದ ಮೇಲೆ ಮರದ ದಿಮ್ಮಿಗಳನ್ನು ಸುಟ್ಟು ಆ ಬೂದಿಯಲ್ಲಿ ಬೀಜ ಚೆಲ್ಲುತ್ತಿದ್ದರು. ಎಲೆ ಕೀಳುವುದು, ಒಣಗಿಸುವುದು, ಬುಟ್ಟಿಗಳಲ್ಲಿ ತುಂಬಿಡುವುದು, ಚಿಲುಮೆಯ ಮರದ ತಿರುಳನ್ನು ಹುಳುವಿನಿಂದ ಕೊರೆಯಿಸಿ ರಂಧ್ರ ಮಾಡುವುದು, ಅದರ ತುದಿಗೆ ಕಲ್ಲಿನ ಬಟ್ಟಲನ್ನು ಕೂಡಿಸುವುದು, ಜಿಂಕೆಯ ಚರ್ಮದ ಚೀಲದಲ್ಲಿ ಚಿಲುಮೆಯನ್ನು ಇಡುವುದು, ಹೀಗೆ ಒಂದೊಂದು ಕೆಲಸವನ್ನೂ ಆತ ಕರುಕ್ ಭಾಷೆಯಲ್ಲಿಯೇ ಹೇಳಿಸಿ, ಅದರ ಜತೆಗೆ ಇಂಗ್ಲಿಷ್ ಅನುವಾದವನ್ನು ಕೊಟ್ಟ. ಚೆಲ್ಲುವ, ತುಂಬುವ, ಸೇರಿಸುವ, ಇಡುವ ಮಾತುಗಳು ಅಲ್ಲಿ ತಮ್ಮ ತಮ್ಮ ಕೆಲಸದ ನಡುವೆ, ಜೀವಂತವಾಗಿ ದೊರೆಯುತ್ತವೆ. ವ್ಯಾಕರಣದಲ್ಲಿ ಪಟ್ಟಿಯಾಗಿ ನಿಂತಿರುವ ಪ್ರತ್ಯಯವನ್ನು ಕಾಣುವುದಕ್ಕೂ ಬುಟ್ಟಿ ಹಿಡಿದು ಬೆಟ್ಟ ಹತ್ತುವ ಹೆಂಗಸಿನ ಮಾತಿನಲ್ಲಿ ಅದನ್ನು ಕಾಣುವುದಕ್ಕೂ ಅಂತರವಿದೆ.

ಆ ಪುಸ್ತಕದ ನಿಜವಾದ ಒಡತಿ ಫೀಬಿ ಮ್ಯಾಡಕ್ಸ್ ಎಂಬಾಕೆ. ಕರುಕ್ ಭಾಷೆಯಲ್ಲಿ ಆಕೆಯ ಹೆಸರು ಇಮ್ಕ್ಯಾನ್ವಾನ್. ಕಾಡು ಸೂರ್ಯಕಾಂತಿಯ ಸೊಪ್ಪು ಕೀಳುವವಳು ಎಂದು ಅದರ ಅರ್ಥ. ಅದೇ ವರ್ಷ ಪ್ರಕಟವಾದ ಕರುಕ್ ಪುರಾಣಕಥೆಗಳ ಸಂಗ್ರಹಕ್ಕೂ ಆಕೆಯ ನೆನಪೇ ಆಧಾರ. ಹ್ಯಾರಿಂಗ್ಟನ್ ಆಕೆಯ ಹೆಸರನ್ನು ಮರೆಮಾಡಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೂ ಗ್ರಂಥಾಲಯಗಳ ಪಟ್ಟಿಯಲ್ಲಿ ಲೇಖಕನೆಂದು ಕಾಣುವವನು ಆತನೊಬ್ಬನೇ. ಬರೆದುಕೊಂಡವನಿಗೆ ಕೀರ್ತಿ, ಹೇಳಿದವಳಿಗೆ ಒಂದು ಕೃತಜ್ಞತೆಯ ಸಾಲು ಎಂಬುದು ಆ ಕಾಲದ ವಿದ್ಯಾಲೋಕದ ಪದ್ಧತಿಯಾಗಿತ್ತು. ಈ ಪದ್ಧತಿಯನ್ನು ಮರೆತು ಹ್ಯಾರಿಂಗ್ಟನ್ನನ ಕಥೆಯನ್ನು ಹೇಳುವುದು ನ್ಯಾಯವಲ್ಲ.

ಇಂಥವರು ಅವನ ಬಾಳಿನಲ್ಲಿ ಅನೇಕರು. ಮುತ್ಸುನ್ ಭಾಷೆಯ ಕೊನೆಯ ಸಮರ್ಥ ಮಾತುಗಾರ್ತಿ ಅಸೆನ್ಸಿಯೋನ್ ಸೊಲೋರ್ಸಾನೋ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ, 1929ರಲ್ಲಿ, ಆತ ಆಕೆಯ ಪಕ್ಕದಲ್ಲಿ ಕುಳಿತು ತಿಂಗಳುಗಟ್ಟಲೆ ಬರೆದುಕೊಂಡ. 1930ರ ಜನವರಿಯಲ್ಲಿ ಆಕೆ ಕಣ್ಣುಮುಚ್ಚಿದಳು. ರುಮ್ಸೆನ್ ಭಾಷೆಯನ್ನು ಬಲ್ಲ ಇಸಬೆಲ್ ಮೆಡೋಸ್ ವಾಷಿಂಗ್ಟನ್ನಿಗೇ ಹೋಗಿ ಅವನೊಡನೆ ವರ್ಷಗಟ್ಟಲೆ ಕೆಲಸ ಮಾಡಿ 1939ರಲ್ಲಿ ಅಲ್ಲಿಯೇ ತೀರಿಕೊಂಡಳು. ಸಾಂತಾ ಬಾರ್ಬರಾದ ಚುಮಾಷ್ ಭಾಷೆಯನ್ನು ಅಜ್ಜಿ, ಮಗಳು, ಮೊಮ್ಮಗಳು ಹೀಗೆ ಒಂದೇ ಮನೆಯ ಮೂರು ತಲೆಮಾರಿನವರಿಂದ ಬರೆದುಕೊಂಡ. ಮೊಮ್ಮಗಳಾದ ಮೇರಿ ಯೀ ತಾನೇ ತನ್ನ ಭಾಷೆಯನ್ನು ಬರೆಯಲು ಕಲಿತಳು. ಮುದುಕನಾದ ಹ್ಯಾರಿಂಗ್ಟನ್ನನೊಡನೆ ಆ ಭಾಷೆಯಲ್ಲಿ ವ್ಯವಹರಿಸಿದಳು. 1965ರಲ್ಲಿ ಆಕೆ ತೀರಿಕೊಂಡ ಮೇಲೆ ಅದನ್ನು ತಾಯ್ನುಡಿಯಾಗಿ ಆಡುವವರು ಉಳಿಯಲಿಲ್ಲ.

ಇಷ್ಟೆಲ್ಲ ಕೂಡಿಹಾಕಿದವನು ಅದನ್ನು ಹಂಚಲು ಮಾತ್ರ ಒಪ್ಪಲಿಲ್ಲ. ಇತರ ವಿದ್ವಾಂಸರು ತನ್ನ ಸಾಮಗ್ರಿಯನ್ನು ಕದಿಯುವರೆಂಬ ಸಂಶಯ ಅವನನ್ನು ಕಾಡುತ್ತಿತ್ತು. ತಾನು ಎಲ್ಲಿರುವೆನೆಂಬುದನ್ನು ತನ್ನ ಮೇಲಧಿಕಾರಿಗಳಿಗೂ ಸರಿಯಾಗಿ ತಿಳಿಸುತ್ತಿರಲಿಲ್ಲ. ಕಚೇರಿಯವರು ವರದಿ ಕೇಳಿದರೆ ಅಷ್ಟಿಷ್ಟು ಕಳುಹಿಸಿ ಸುಮ್ಮನಾಗುತ್ತಿದ್ದ. ತನ್ನ ಕಾಗದಪತ್ರಗಳನ್ನು ಪಶ್ಚಿಮ ಅಮೆರಿಕದ ಉದ್ದಗಲಕ್ಕೂ ಉಗ್ರಾಣಗಳಲ್ಲಿ, ಪರಿಚಿತರ ಮನೆಯ ಅಟ್ಟಗಳಲ್ಲಿ, ಕೊಟ್ಟಿಗೆಗಳಲ್ಲಿ ಅಡಗಿಸಿಡುತ್ತಿದ್ದ. ಒಂದು ವಸ್ತುವನ್ನು ಎಲ್ಲಿ ಇಟ್ಟಿತೆಂಬುದನ್ನು ಹೇಳದೆ ಇಟ್ಟೆನೆನ್ನಲು ಬಿಡದ ಭಾಷೆಯನ್ನು ಬರೆದುಕೊಂಡವನು ತನ್ನ ಸರ್ವಸ್ವವನ್ನು ಎಲ್ಲಿಟ್ಟನೆಂಬುದನ್ನು ಯಾರಿಗೂ ಹೇಳದೆ ಹೋದದ್ದು ವಿಧಿಯ ವಿನೋದವೇ ಸರಿ.

1961ರ ಅಕ್ಟೋಬರ್ 21ರಂದು ಹ್ಯಾರಿಂಗ್ಟನ್ ಕಾಲವಾದ. ಆಮೇಲೆ ಅವನ ನಿಜವಾದ ಸ್ವರೂಪ ಹೊರಬೀಳತೊಡಗಿತು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ವಾಷಿಂಗ್ಟನ್ನಿಗೆ ಬಂದುವು. ಬಿಡಿಹಾಳೆಗಳ ಕಟ್ಟು, ಒಣಗಿದ ಗಿಡ, ಛಾಯಾಚಿತ್ರ, ಧ್ವನಿಮುದ್ರಿಕೆ, ಹಳೆಯ ರಸೀತಿ, ಎಲ್ಲವೂ ಒಂದರೊಳಗೊಂದು ಕಲೆತುಹೋಗಿದ್ದುವು. ಅವುಗಳನ್ನು ವಿಂಗಡಿಸುವುದಕ್ಕೇ ವರ್ಷಗಳು ಹಿಡಿದುವು. ಮುಂದೆ ಅದರ ದೊಡ್ಡ ಭಾಗವನ್ನು ಸೂಕ್ಷ್ಮ ಫಿಲ್ಮಿಗೆ ಇಳಿಸಿದಾಗ ಸುರುಳಿಗಳ ಸಂಖ್ಯೆ ಐನೂರರ ಹತ್ತಿರಕ್ಕೆ ಹೋಯಿತು. ಕೈಬರಹದ ಆ ಟಿಪ್ಪಣಿಗಳಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಮೂಲಭಾಷೆಗಳು ಕಲೆತಿವೆ. ಓದುವುದೇ ಒಂದು ವಿದ್ಯೆ. 2001ರ ಸುಮಾರಿಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಮೂಲನಿವಾಸಿ ಸಮುದಾಯಗಳ ಸ್ವಯಂಸೇವಕರೇ ಕುಳಿತು ತಮ್ಮ ಹಿರಿಯರ ಮಾತುಗಳನ್ನು ಆ ಪುಟಗಳಿಂದ ನಕಲು ಮಾಡಿಕೊಂಡರು.

ಕರುಕ್ ವ್ಯಾಕರಣದ ಕೊರತೆಯನ್ನು ತುಂಬಿದವನು ಬೇರೊಬ್ಬ. ಕನ್ನಡಿಗರಾದ ನಮಗೆ ಅವನ ಪರಿಚಯ ಅಗತ್ಯ. ವಿಲಿಯಮ್ ಬ್ರೈಟ್ 1949ರಲ್ಲಿ, ಇಪ್ಪತ್ತೊಂದು ವರ್ಷದ ಬರ್ಕ್ಲಿ ವಿದ್ಯಾರ್ಥಿಯಾಗಿ, ಕ್ಲಾಮತ್ ಕಣಿವೆಗೆ ಹೋದ. ಅಲ್ಲಿನ ಹಿರಿಯರು ಅವನಿಗೆ ಮಾತು ಕೇಳುವ ಪುಟ್ಟವನು ಎಂಬರ್ಥದ ಹೆಸರನ್ನಿಟ್ಟರು. ದ್ರಾವಿಡ ಭಾಷೆಗಳ ಮಹಾವಿದ್ವಾಂಸನಾದ, ತೋಡ ಕೋಟ ಕೊಡವ ಭಾಷೆಗಳನ್ನು ಅಭ್ಯಾಸ ಮಾಡಿದ ಮರೆ ಎಮೆನೋ ಬರ್ಕ್ಲಿಯಲ್ಲಿ ಅವನ ಗುರುಗಳಲ್ಲೊಬ್ಬ. ಬ್ರೈಟ್ 1950ರ ದಶಕದ ಮಧ್ಯದಲ್ಲಿ ಭಾರತಕ್ಕೆ ಬಂದು ಕನ್ನಡವನ್ನು ಅಭ್ಯಾಸ ಮಾಡಿದ. 1957ರಲ್ಲಿ ಅವನ ಕರುಕ್ ವ್ಯಾಕರಣ ಪ್ರಕಟವಾದರೆ, ಮರುವರ್ಷವೇ ಪುಣೆಯ ಡೆಕ್ಕನ್ ಕಾಲೇಜು ಅವನ ಆಡುಗನ್ನಡದ ವ್ಯಾಕರಣರೂಪರೇಖೆಯನ್ನು ಅಚ್ಚುಹಾಕಿತು. ಕನ್ನಡದ ಜಾತಿಭೇದದ ಉಪಭಾಷೆಗಳನ್ನು ಕುರಿತ ಅವನ ಲೇಖನಗಳು ವಿದ್ವಾಂಸರಿಗೆ ಪರಿಚಿತ. ಆ ಬಗೆಯ ಅಧ್ಯಯನದಲ್ಲಿ ನಮ್ಮ ಎ. ಕೆ. ರಾಮಾನುಜನ್ ಅವನ ಜತೆಗಾರರಾಗಿದ್ದರು. ಮೂವತ್ತಕ್ಕೂ ಹೆಚ್ಚು ದಿಕ್ಸೂಚಕ ಪ್ರತ್ಯಯಗಳನ್ನು ವಿಂಗಡಿಸಿ ಜೋಡಿಸಿದ ಕೈ, ಇದೆ ಮತ್ತು ಐತಿ ಎಂಬ ನಮ್ಮ ರೂಪಭೇದಗಳನ್ನೂ ಲೆಕ್ಕ ಹಾಕಿದ ಕೈ ಒಂದೇ. 2005ರಲ್ಲಿ ಕರುಕ್ ನಿಘಂಟು ಹೊರಬಂದಿತು. ಕರುಕ್ ಜನ ಬ್ರೈಟನಿಗೆ ತಮ್ಮ ಜನಾಂಗದ ಗೌರವ ಸದಸ್ಯತ್ವವನ್ನು ನೀಡಿದರು. 2006ರಲ್ಲಿ ಆತ ತೀರಿಕೊಂಡ.

ಬ್ರೈಟನ ಪಕ್ಕದಲ್ಲಿ ಹ್ಯಾರಿಂಗ್ಟನ್ನನನ್ನು ನಿಲ್ಲಿಸಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಬ್ಬ ಕೇಳಿದ, ಕ್ರಮಗೊಳಿಸಿದ, ಅಚ್ಚುಹಾಕಿಸಿದ, ಕೊನೆಗೆ ಭಾಷೆಯನ್ನು ಅದರ ಒಡೆಯರಿಗೆ ಒಪ್ಪಿಸಿದ. ಇನ್ನೊಬ್ಬ ಕೇಳಿದ, ಕೇಳಿದ, ಕೇಳುತ್ತಲೇ ಇದ್ದ. ಕ್ರಮಗೊಳಿಸಿ ಅಚ್ಚಿಗೆ ಒಪ್ಪಿಸುವುದು ವಿದ್ವಾಂಸನ ಧರ್ಮವೆಂದು ನಾವು ಒಪ್ಪುವುದಾದರೆ ಹ್ಯಾರಿಂಗ್ಟನ್ ಆ ಧರ್ಮವನ್ನು ಪಾಲಿಸಲಿಲ್ಲವೆನ್ನಲೇಬೇಕು. ಆದರೆ ಇನ್ನೊಂದು ಮಗ್ಗುಲೂ ಉಂಟು. ಪುಸ್ತಕ ಬರೆಯುವವನು ಆಯುತ್ತಾನೆ. ತನ್ನ ಸಿದ್ಧಾಂತಕ್ಕೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಡುತ್ತಾನೆ. ಹ್ಯಾರಿಂಗ್ಟನ್ನನಿಗ ಸಿದ್ಧಾಂತದ ಹಂಗಿರಲಿಲ್ಲ. ಅವನು ಏನನ್ನೂ ಕೈಬಿಡಲಿಲ್ಲ. ಮುದುಕಿಯ ಕೆಮ್ಮಿನ ನಡುವೆ ಬಂದ ಮಾತು, ನೆನಪು ತಪ್ಪಿ ತಿದ್ದಿಕೊಂಡ ಮಾತು, ಬುಟ್ಟಿಯನ್ನು ಬದಿಗಿಡುತ್ತ ಆಡಿದ ಮಾತು, ಎಲ್ಲವೂ ಹಾಳೆಗೆ ಬಂದಿವೆ.

ಆ ಹಾಳೆಗಳ ಬೆಲೆ ತಿಳಿದದ್ದು ಮೊಮ್ಮಕ್ಕಳ ಕಾಲಕ್ಕೆ. 1996ರಿಂದ ಬರ್ಕ್ಲಿಯಲ್ಲಿ ಎರಡು ವರ್ಷಕ್ಕೊಮ್ಮೆ ಉಸಿರು ಎಂಬರ್ಥದ ಹೆಸರಿನ ಕಾರ್ಯಾಗಾರ ನಡೆಯತೊಡಗಿತು. ಮಾತುಗಾರರೇ ಉಳಿಯದ ಭಾಷೆಗಳ ವಂಶಸ್ಥರು ಅಲ್ಲಿಗೆ ಬಂದು ಹಳೆಯ ಟಿಪ್ಪಣಿಗಳಿಂದ ತಮ್ಮ ಮಾತನ್ನು ಕಲಿತರು. ಅಸೆನ್ಸಿಯೋನಳಿಂದ ಬರೆದುಕೊಂಡದ್ದೂ ಸೇರಿದಂತೆ ಹಳೆಯ ದಾಖಲೆಗಳ ಬಲದಿಂದ 2016ರಲ್ಲಿ ಮುತ್ಸುನ್ ನಿಘಂಟು ಪ್ರಕಟವಾಯಿತು. ಹೀಗೆ ಕಲಿಯಬಂದವನಿಗೆ ದೊಡ್ಡ ದೊಡ್ಡ ಪದಗಳಿಗಿಂತ ಮೊದಲು ಬೇಕಾಗುವುದು ಮಗುವಿಗೆ ಹೇಳುವ ಮಾತು: ಅದನ್ನು ಇಲ್ಲಿಡು, ಇದನ್ನು ಅಲ್ಲಿ ಹಾಕು, ಬೆಂಕಿಯ ಹತ್ತಿರ ಇಡಬೇಡ. ಮನೆಯ ಭಾಷೆ ನಿಲ್ಲುವುದು ಇಂಥ ಮಾತುಗಳ ಮೇಲೆ. ನಿಷ್ಪ್ರಯೋಜಕವೆಂದು ಒಂದು ಕಾಲದಲ್ಲಿ ತೋರಿದ ಹ್ಯಾರಿಂಗ್ಟನ್ನನ ವಿವರಗಳ ರಾಶಿಯಲ್ಲಿ ಅವು ಕಾದು ಕುಳಿತಿದ್ದುವು.

ಇಷ್ಟರಿಂದ ಅವನ ಬಾಳು ಸಾರ್ಥಕವಾಯಿತೆಂದು ಷರಾ ಬರೆಯುವ ಧೈರ್ಯ ನನಗಿಲ್ಲ. ಹೆಂಡತಿ ಪಟ್ಟ ಪಾಡು, ತಂದೆಯಿದ್ದೂ ಇಲ್ಲದಂತೆ ಬೆಳೆದ ಮಗಳು, ಬದುಕಿದ್ದಾಗ ಹಂಚಿಕೊಳ್ಳದ ಜಿಪುಣತನದಿಂದ ಆ ಜನಗಳಿಗೆ ತಪ್ಪಿಹೋದ ಒಂದು ತಲೆಮಾರಿನ ಕಾಲ, ಇವು ಖರ್ಚಿನ ಕಡೆಯಲ್ಲಿ ಉಳಿದೇ ಉಳಿಯುತ್ತವೆ. ಆದರೆ ಮಾತುಗಾರರು ಕಾಯುವುದಿಲ್ಲ, ಸಾವು ಕಾಯುವುದಿಲ್ಲ ಎಂಬ ಅವನ ಲೆಕ್ಕ ಸುಳ್ಳಾಗಲಿಲ್ಲ. ಆತ ಹೋಗದಿದ್ದ ಎಷ್ಟೋ ಮನೆಗಳ ಮಾತು ಇಂದು ಯಾರಿಗೂ ದೊರೆಯದು. ನಮ್ಮ ನಾಡಿನಲ್ಲಿಯೂ ಕೊರಗ, ಸೋಲಿಗ, ಜೇನುಕುರುಬ ಮುಂತಾದ ಜನಗಳ ನುಡಿಗಳಿವೆ. ಅವುಗಳಲ್ಲಿ ಬುಟ್ಟಿಯನ್ನು ಇಳಿಸುವುದಕ್ಕೆ, ಜೇನನ್ನು ಸೋರೆಯಲ್ಲಿ ತುಂಬುವುದಕ್ಕೆ, ಸೌದೆಯನ್ನು ಒಟ್ಟುವುದಕ್ಕೆ ಯಾವ ಯಾವ ಮಾತುಗಳಿವೆಯೆಂದು ಕುಳಿತು ಕೇಳುವ ಕೆಲಸ ಭಾಷಾಭ್ಯಾಸದ ತರುಣರಿಗೆ ತೆರೆದೇ ಇದೆ. ಹ್ಯಾರಿಂಗ್ಟನ್ನನ ಕಿವಿಯೂ ಬ್ರೈಟನ ಕೈಯೂ ಒಬ್ಬನಲ್ಲೇ ಕೂಡಿದರೆ ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಅರ್ಹತೆ ಬೇರಿಲ್ಲ.